ಮಣಿಪಾಲದ ಏರಿನಲ್ಲಿ ಬರುವ ಶಬ್ದ ಗ್ಯಾರೇಜಿನಲ್ಲಿ ಯಾಕೆ ಬರುವುದಿಲ್ಲ?

ಪ್ರಶ್ನೆ: ನನ್ನದು 150 ಸಿಸಿಯ ಏರ್ ಕೂಲ್ಡ್ ಬೈಕ್. ಕಾರ್ಬುರೇಟರ್ ಇರುವ ಹಳೆಯ ಮಾಡೆಲ್, 46,000 ಕಿ.ಮೀ. ಓಡಿದೆ. ದಿನಾ ಕಾಪುವಿನಿಂದ ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತೇನೆ. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಏನೂ ಶಬ್ದ ಇಲ್ಲ, ಹೈವೇಯಲ್ಲೂ ಇಲ್ಲ. ಇಂದ್ರಾಳಿ ದಾಟಿ ಏರು ಹತ್ತುವಾಗ ಎಂಜಿನಿನಲ್ಲಿ ಕರಕರ ಶುರುವಾಗುತ್ತದೆ. ಮೇಲೆ ಟೈಗರ್ ಸರ್ಕಲ್ ಹತ್ತಿರ ನಿಂತಾಗ ಎಡಬದಿಯಲ್ಲಿ ಕಟಕಟ ಕೇಳುತ್ತದೆ. ಕೆಲವು ದಿನ ಅದೂ ಇರುವುದಿಲ್ಲ. ಸಂಜೆ ಗ್ಯಾರೇಜಿನಲ್ಲಿ ಬಿಟ್ಟು ಬಂದರೆ ಮರುದಿನ ‘ಎಂತದೂ ಇಲ್ಲ’ ಎನ್ನುತ್ತಾರೆ. ಒಬ್ಬರು ಟೈಮಿಂಗ್ ಚೈನ್ ಹಾಕಬೇಕು ಎಂದರು, ಇನ್ನೊಬ್ಬರು ಬೋರ್-ಪಿಸ್ಟನ್, ಮೂರನೆಯವರು ಕ್ರ್ಯಾಂಕ್ ಬಿಚ್ಚಬೇಕು ಎಂದರು. ಟ್ಯಾಪೆಟ್ ಎರಡು ಸಲ ಸೆಟ್ ಮಾಡಿಸಿಯಾಯಿತು. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರದ್ದೂ ಬೇಡ. ನಿಮ್ಮ ಪ್ರಶ್ನೆಯಲ್ಲಿಯೇ ಒಂದು ವಿಷಯ ಅಡಗಿದೆ. ಏರು ಹತ್ತುವಾಗಿನದ್ದಕ್ಕೆ ನೀವು ‘ಕರಕರ’ ಎಂದಿರಿ, ಮೇಲೆ ನಿಂತಾಗಿನದ್ದಕ್ಕೆ ‘ಕಟಕಟ’ ಎಂದಿರಿ. ಬೈಕಿನಲ್ಲಿ ಬಹುಶಃ ಒಂದಲ್ಲ, ಎರಡು ಶಬ್ದಗಳಿವೆ. ಮೊದಲನೆಯದು ಎಂಜಿನ್ ಮೇಲೆ ಭಾರ ಬಿದ್ದಾಗ ಬರುವುದು, ಎರಡನೆಯದು ಎಂಜಿನ್ ಕಾದು, ಭಾರವಿಲ್ಲದೆ ನಿಧಾನಕ್ಕೆ ತಿರುಗುವಾಗ ಬರುವುದು. ಇವೆರಡನ್ನೂ ಒಂದೇ ಎಂದು ಹೇಳಿಕೊಂಡು ಹೋದರೆ ಮೂರು ಗ್ಯಾರೇಜಿನಲ್ಲಿ ಮೂರು ಉತ್ತರ ಸಿಗುವುದು ಸಹಜ. ಅವರಲ್ಲಿ ಯಾರೂ ಆ ಶಬ್ದವನ್ನು ಕಿವಿಯಾರೆ ಕೇಳಿಲ್ಲ ಎಂಬುದು ಬೇರೆ ಮಾತು.

ಸಂಜೆ ಬಿಟ್ಟು ಬಂದ ಬೈಕನ್ನು ಮೆಕ್ಯಾನಿಕ್ ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡುತ್ತಾನೆ. ಸ್ಟ್ಯಾಂಡ್ ಹಾಕಿ ಐದು ನಿಮಿಷ ರೇಸ್ ಮಾಡಿದರೂ ನಿಮ್ಮ 18 ಕಿ.ಮೀ. ಓಟದ ಬಿಸಿ ಅಲ್ಲಿ ಹುಟ್ಟುವುದಿಲ್ಲ. ನಿಂತಲ್ಲಿ ಹೆಡ್, ಅಂದರೆ ಎಂಜಿನಿನ ಮೇಲ್ಭಾಗ, ಮಾತ್ರ ಸುಡುತ್ತದೆ. ಕೆಳಗಿನ ಆಯಿಲ್, ಕ್ಲಚ್ ಹೌಸಿಂಗ್, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನು ಹೊತ್ತ ಕ್ರ್ಯಾಂಕ್‌ಕೇಸ್ ಎಲ್ಲ ಸಮನಾಗಿ ಕಾಯಲು ಓಡಲೇಬೇಕು. ಜೊತೆಗೆ ಏರಿನ ಭಾರ ಸ್ಟ್ಯಾಂಡಿನ ಮೇಲೆ ಎಲ್ಲಿಂದ ಬರಬೇಕು? ಶಬ್ದ ಬರುವ ಹೊತ್ತು, ಬಿಸಿ, ವೇಗ, ಭಾರ ಈ ನಾಲ್ಕನ್ನು ಹಿಡಿಯುವವರೆಗೆ ಎಂಜಿನಿಗೆ ಸ್ಪ್ಯಾನರ್ ಹಾಕಲು ಬಿಡಬೇಡಿ.

ಮೊದಲು ಆಯಿಲ್ ನೋಡಿ. ಇದು ತೀರಾ ಸಣ್ಣ ಸಂಗತಿ ಎನಿಸಬಹುದು, ಆದರೆ ಬಂದುಹೋಗುವ ಶಬ್ದಗಳಲ್ಲಿ ದೊಡ್ಡ ಪಾಲು ಇಲ್ಲಿಯೇ ಮುಗಿಯುತ್ತದೆ. ಬೈಕನ್ನು ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಅಂಗಳ ಇಳಿಜಾರಿದ್ದರೆ ರಸ್ತೆಗೆ ತನ್ನಿ. ಮೂರು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಐಡ್ಲಿಂಗ್‌ನಲ್ಲಿ ಬಿಟ್ಟು ಆಫ್ ಮಾಡಿ, ಇನ್ನೂ ಮೂರು ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಒರೆಸಿ, ತಿರುಗಿಸಿ ಬಿಗಿಯದೆ ಸುಮ್ಮನೆ ಇಳಿಸಿ ತೆಗೆಯಿರಿ. ಹೆಚ್ಚಿನ ಬೈಕುಗಳಲ್ಲಿ ಕ್ರಮ ಹೀಗೆ. ನಿಮ್ಮ ಬೈಕಿನ ಕೈಪಿಡಿ ಬೇರೆ ಹೇಳಿದ್ದರೆ ಅದೇ ಸರಿ. ಡಿಪ್‌ಸ್ಟಿಕ್ ಬದಲು ಗಾಜಿನ ಕಿಂಡಿ ಇದ್ದರೆ ಬೈಕ್ ನೆಟ್ಟಗೆ ನಿಂತಿರುವಾಗ ಮಾತ್ರ ಓದಬೇಕು, ಸೈಡ್ ಸ್ಟ್ಯಾಂಡಿನಲ್ಲಿ ಅಲ್ಲ.

150 ಸಿಸಿ ಎಂಜಿನಿನಲ್ಲಿ ಇರುವುದೇ ಸುಮಾರು ಒಂದು ಲೀಟರ್ ಆಯಿಲ್. 46,000 ಕಿ.ಮೀ. ಓಡಿದ ಎಂಜಿನ್ ಎರಡು ಸರ್ವಿಸ್ ನಡುವೆ 200-300 ಮಿ.ಲೀ. ತಿಂದರೆ ಹೊಗೆ ಕಣ್ಣಿಗೆ ಬೀಳುವುದಿಲ್ಲ, ಆದರೆ ಮಟ್ಟ ಕೆಳಗಿನ ಗೆರೆಯ ಕೆಳಗೆ ಹೋಗಿರುತ್ತದೆ. ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಏರಿನಲ್ಲಿ ಬೈಕಿನ ಮೂತಿ ಮೇಲೆದ್ದಾಗ ಉಳಿದ ಆಯಿಲ್ ಹಿಂದಕ್ಕೆ ಸರಿದು, ಪಂಪಿನ ಬಾಯಿಗೆ ಆಯಿಲ್ ಜೊತೆ ಗಾಳಿಯೂ ಸಿಗುತ್ತದೆ. ಕಾದ ಆಯಿಲ್ ನೀರಿನಂತೆ ತೆಳುವಾಗಿರುತ್ತದೆ ಬೇರೆ. ಮೊದಲು ಒಣಗುವುದು ಹೆಡ್. ವಾಲ್ವ್ ತೆರೆಸುವ ಕ್ಯಾಮ್ ಮತ್ತು ರಾಕರ್, ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಎಲ್ಲ ಮಾತಾಡಲು ಶುರುಮಾಡುತ್ತವೆ. ಕೆಳಗಿಳಿದು ತಣಿದ ಮೇಲೆ ಮೌನ. ‘ಕೆಲವು ದಿನ ಇರುತ್ತದೆ, ಕೆಲವು ದಿನ ಇಲ್ಲ’ ಎಂಬ ನಿಮ್ಮ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ.

ಮಟ್ಟ ಕಡಿಮೆಯಿದ್ದರೆ ಅದೇ ದರ್ಜೆಯ ಆಯಿಲ್ ತುಂಬಿ ಒಂದು ವಾರ ಓಡಿಸಿ. ಬಾಟಲಿಯ ಮೇಲೆ ಬೈಕ್ ಆಯಿಲಿನ ಗುಣಮಟ್ಟದ ಗುರುತಾದ ಜಾಸೋ ಎಂಎ ಅಥವಾ ಎಂಎ2 ಎಂದಿರಲೇಬೇಕು, ಯಾಕೆಂದರೆ ಬೈಕಿನ ಕ್ಲಚ್ ಇದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ‘ಶಬ್ದಕ್ಕೆ ದಪ್ಪ ಆಯಿಲ್ ಹಾಕುವ’ ಎನ್ನುವ ಸಲಹೆಯೂ ಬರುತ್ತದೆ. 10ಡಬ್ಲ್ಯು30 ದಪ್ಪದ ಆಯಿಲ್ ಹೇಳಿದ ಎಂಜಿನಿಗೆ 20ಡಬ್ಲ್ಯು50 ಹಾಕಿದರೆ ಶಬ್ದ ತಗ್ಗುವುದು ನಿಜ. ಅದು ರೋಗವನ್ನು ಮುಚ್ಚಿಡುವುದಷ್ಟೇ, ಬೆಳಗಿನ ಹೊತ್ತು ಹೆಡ್‌ಗೆ ಆಯಿಲ್ ಏರುವುದೂ ತಡವಾಗುತ್ತದೆ.

ಮಳೆಗಾಲದಲ್ಲಿ ಆಯಿಲ್ ಕ್ಯಾಪಿನ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಏರ್ ಕೂಲ್ಡ್ ಎಂಜಿನಿನಲ್ಲಿ ಕೂಲೆಂಟ್ ಇಲ್ಲ, ಹಾಗಾಗಿ ಅದು ಹೆಡ್ ಪ್ಯಾಕಿಂಗ್ ಹೋದದ್ದಲ್ಲ. ಗಾಳಿಯ ಪಸೆ ತಣ್ಣಗಿನ ಕ್ಯಾಪಿಗೆ ತಗಲಿ ನೀರಾದದ್ದು. ಮನೆಯಿಂದ ಪೇಟೆಗೆ ಎರಡು ಕಿ.ಮೀ. ಓಡಿ ನಿಲ್ಲುವ ಬೈಕುಗಳಲ್ಲಿ ಇದು ಹೆಚ್ಚು. ನಿಮ್ಮಂತೆ ದಿನಾ ಹದಿನೆಂಟು ಕಿ.ಮೀ. ಓಡುವ ಬೈಕಿನಲ್ಲಿ ಕ್ಯಾಪ್ ಮಾತ್ರವಲ್ಲ, ಡಿಪ್‌ಸ್ಟಿಕ್ಕಿಗೆ ಬಂದ ಆಯಿಲ್ ಕೂಡ ಬೆಳ್ಳಗಿದ್ದರೆ ನೀರು ಒಳಗೆ ಹೋಗಿದೆ ಎಂದೇ ಅರ್ಥ, ಆಯಿಲ್ ಬದಲಿಸಿ.

ಇನ್ನು ಏರಿನ ಕರಕರ. ಮಣಿಪಾಲದ ಏರನ್ನು ನೀವು ಯಾವ ಗೇರಿನಲ್ಲಿ ಹತ್ತುತ್ತೀರಿ ಎಂದು ಬರೆದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಬಸ್ಸಿನ ಹಿಂದೆ ಟಾಪ್ ಗೇರಿನಲ್ಲಿಯೇ 35 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದರೆ ಯಾವ 150 ಸಿಸಿ ಎಂಜಿನ್ ಆದರೂ ಗೊಣಗುತ್ತದೆ. ಹೆಡ್ ಸುಡುವಷ್ಟು ಕಾದಿದೆ, ಪಿಸ್ಟನ್ ನಿಧಾನವಾಗಿ ಬರುತ್ತಿದೆ, ಪೆಟ್ರೋಲ್-ಗಾಳಿಯ ಮಿಶ್ರಣ ಪೂರ್ತಿ ತುಂಬಿದೆ. ಪ್ಲಗ್ ಹೊತ್ತಿಸಿದ ಬೆಂಕಿ ಹರಡಿ ಮುಗಿಯುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುತ್ತದೆ. ನಾಕಿಂಗ್ ಎನ್ನುವುದು ಇದಕ್ಕೇ. ಡಬ್ಬಿಯಲ್ಲಿ ಸಣ್ಣ ಗುಂಡುಗಳನ್ನು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಅಪರೂಪಕ್ಕೆ ಒಂದೆರಡು ಸೆಕೆಂಡ್ ಬಂದರೆ ತೊಂದರೆಯಿಲ್ಲ, ದಿನಾ ಒಂದು ಏರು ಪೂರ್ತಿ ಬಂದರೆ ಪಿಸ್ಟನ್ನಿನ ತಲೆಯನ್ನೂ ರಿಂಗುಗಳ ನಡುವಿನ ಅಂಚನ್ನೂ ಕೊರೆಯುತ್ತದೆ.

ಪರೀಕ್ಷೆ ಸುಲಭ. ಕರಕರ ಶುರುವಾದ ತಕ್ಷಣ ಒಂದು ಗೇರ್ ಇಳಿಸಿ, ಅದೇ ವೇಗದಲ್ಲಿ ಹತ್ತಿ. ನಿಂತುಹೋಯಿತೇ? ಹಾಗಾದರೆ ಅದು ನಾಕಿಂಗ್. ಆಕ್ಸಿಲರೇಟರನ್ನು ಕಾಲು ಭಾಗ ಬಿಟ್ಟಾಗ ಆ ಕ್ಷಣಕ್ಕೇ ನಿಂತರೂ ಅದೇ. ಗೇರ್ ಇಳಿಸಿದಾಗ ನಿಲ್ಲುವ ಬದಲು ಇನ್ನೂ ವೇಗವಾಗಿ ಬಡಿಯತೊಡಗಿದರೆ ಅದು ನಾಕಿಂಗ್ ಅಲ್ಲ, ಯಾವುದೋ ಭಾಗ ಸಡಿಲವಾಗಿದೆ. ಕ್ಲಚ್ ಹಿಡಿದು, ಎಂಜಿನ್ ಐಡ್ಲಿಂಗ್‌ಗೆ ಇಳಿದರೂ ಶಬ್ದ ಚಕ್ರದ ವೇಗಕ್ಕೆ ತಕ್ಕಂತೆ ಬರುತ್ತಲೇ ಇದ್ದರೆ ಎಂಜಿನನ್ನು ಬಿಟ್ಟುಬಿಡಿ. ಹಿಂದಿನ ಚೈನ್, ಮುಂದಿನ ಸಣ್ಣ ಸ್ಪ್ರಾಕೆಟ್, ಚೈನ್ ಕವರ್ ನೋಡಿ. ಚೈನಿನ ಸಡಿಲು ಮಧ್ಯದಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಇರಬೇಕು. ಆದರೆ ಚಕ್ರ ತಿರುಗಿಸುತ್ತ ನಾಲ್ಕು ಕಡೆ ಅಳೆಯಿರಿ, ಯಾಕೆಂದರೆ ಹಳೆಯ ಚೈನ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲು ಇರುತ್ತದೆ.

ನಾಕಿಂಗ್ ಎಂದು ಖಚಿತವಾದರೆ ಗೇರ್ ಇಳಿಸಿ ಓಡಿಸುವುದು ಅರ್ಧ ಮದ್ದು. ಉಳಿದರ್ಧ, ಮೊದಲು ಬಾರದ್ದು ಈಗ ಯಾಕೆ ಬರುತ್ತಿದೆ ಎಂದು ಹುಡುಕುವುದು. ಪ್ಲಗ್ ಬಿಚ್ಚಿ ನೋಡಿ. ಬಿಸ್ಕತ್ತಿನ ಕಂದು ಬಣ್ಣವಾದರೆ ಒಳ್ಳೆಯದು. ಸುಣ್ಣದ ಹಾಗೆ ಬೆಳ್ಳಗಿದ್ದು ತುದಿಯಲ್ಲಿ ಹರಳು ಹರಳಾಗಿದ್ದರೆ ಮಿಶ್ರಣ ತೆಳುವಾಗಿದೆ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು), ಇಲ್ಲವೇ ತಪ್ಪು ಪ್ಲಗ್ ಬಿದ್ದಿದೆ. ಅಂಗಡಿಯವರು ‘ಇದೂ ಆಗ್ತದೆ’ ಎಂದು ಕೊಡುವ ಪ್ಲಗ್‌ನಲ್ಲಿ ಒಂದು ಗೊಂದಲವಿದೆ: ಎನ್‌ಜಿಕೆ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು (ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ), ಬಾಷ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ. ಎಳೆಯ (ಥ್ರೆಡ್) ಉದ್ದ ಹೊಂದಿ ಸರಿಯಾಗಿ ಕೂತರೂ ಬಿಸಿಯ ಪ್ಲಗ್ ಹಾಕಿದ ಎಂಜಿನ್ ಏರಿನಲ್ಲಿ ಕರಕರ ಎನ್ನುತ್ತದೆ. ಕೈಪಿಡಿಯಲ್ಲಿರುವ ನಂಬರೇ ಹಾಕಿ. ಕೂರಿಸುವಾಗ ಕೈಯಿಂದ ಪೂರ್ತಿ ತಿರುಗಿಸಿ, ಹೊಸ ವಾಷರ್ ಇದ್ದರೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಹಳೆಯ ಪ್ಲಗ್ ಆದರೆ ತುಸುವೇ ಬಿಗಿ. ಸಡಿಲ ಪ್ಲಗ್ ಕೂಡ ಕಾದಾಗ ಟಸ್ ಟಸ್ ಎಂದು ಕಂಪ್ರೆಶನ್ ಬಿಡುತ್ತ ಜನರನ್ನು ದಾರಿ ತಪ್ಪಿಸುತ್ತದೆ.

ಮಿಶ್ರಣ ತೆಳುವಾಗಲು ಇನ್ನೊಂದು ಕಾರಣ ಕಾರ್ಬುರೇಟರ್ ಮತ್ತು ಹೆಡ್ ನಡುವಿನ ರಬ್ಬರ್. ಹಳೆಯ ಬೈಕುಗಳಲ್ಲಿ ಅದರ ಅಡಿಬದಿ ಸೀಳಿರುತ್ತದೆ, ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಐಡ್ಲಿಂಗ್‌ನಲ್ಲಿ ಬಿಟ್ಟು ಆ ರಬ್ಬರಿನ ಸುತ್ತ ಬಾಟಲಿಯಿಂದ ನೀರು ಸ್ಪ್ರೇ ಮಾಡಿ. ಎಂಜಿನ್ ಕ್ಷಣಕಾಲ ತಡವರಿಸಿದರೆ ಅಲ್ಲಿ ಗಾಳಿ ಒಳಗೆ ಹೋಗುತ್ತಿದೆ. ನೀರೇ ಸಾಕು, ಹೆಡ್ಡಿನಿಂದ ಸೈಲೆನ್ಸರಿಗೆ ಹೋಗುವ ಕಾದ ಬೆಂಡ್ ಪೈಪಿನ ಪಕ್ಕ ಪೆಟ್ರೋಲ್ ಸಿಂಪಡಿಸುವ ಸಾಹಸ ಬೇಡ. ಈಗಿನ 20 ಶೇಕಡ ಎಥನಾಲ್ ಪೆಟ್ರೋಲ್ ಬಗ್ಗೆಯೂ ಜನ ಕೇಳುತ್ತಾರೆ. ಎಥನಾಲ್‌ನಲ್ಲಿಯೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರ್ ಬೈಕುಗಳಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ, ಆದರೆ ಅದರ ಆಕ್ಟೇನ್ ಹೆಚ್ಚು, ಹಾಗಾಗಿ ನಾಕಿಂಗಿಗೆ ಅದನ್ನೇ ಹೊಣೆ ಮಾಡುವುದು ಸರಿಯಲ್ಲ. ಎಲ್ಲ ಸರಿಯಿದ್ದೂ ಕರಕರ ನಿಲ್ಲದಿದ್ದರೆ ಹೆಡ್ಡಿನಲ್ಲಿ, ಪಿಸ್ಟನ್ ತಲೆಯ ಮೇಲೆ ಇಂಗಾಲ ಕಟ್ಟಿರಬಹುದು. ಆಗ ಹೆಡ್ ಇಳಿಸಿ ಕೆರೆಸಬೇಕು. ಆದರೆ ಅದು ಕೊನೆಯ ಹೆಜ್ಜೆ.

ಈಗ ಎರಡನೆಯ ಶಬ್ದ, ಮೇಲೆ ನಿಂತಾಗಿನ ಎಡಬದಿಯ ಕಟಕಟ. ನನಗೆ ಹೆಚ್ಚು ಅನುಮಾನ ಇರುವುದು ಇದರ ಮೇಲೆಯೇ.

ಮೊದಲು ಐಡ್ಲಿಂಗ್ ಎಷ್ಟಿದೆ ನೋಡಿ. ಇಂಥ ಎಂಜಿನುಗಳಿಗೆ ಕಾದ ಮೇಲೆ ನಿಮಿಷಕ್ಕೆ ಸುಮಾರು 1,400 ಸುತ್ತು, ಅಂದರೆ 1,400 ಆರ್‌ಪಿಎಂ ಬೇಕು. ಪೆಟ್ರೋಲ್ ಉಳಿಯಲಿ ಎಂದು 1,000ಕ್ಕೆ ಇಳಿಸಿಟ್ಟ ಬೈಕುಗಳೇ ನಮ್ಮಲ್ಲಿ ಹೆಚ್ಚು. ಒಂದೇ ಸಿಲಿಂಡರಿನ ಎಂಜಿನ್ ಅಷ್ಟು ನಿಧಾನಕ್ಕೆ ತಿರುಗುವಾಗ ಪ್ರತಿ ಸುತ್ತಿನಲ್ಲೂ ಎಳೆದು ಬಿಟ್ಟು ಎಳೆದು ಬಿಟ್ಟು ತಿರುಗುತ್ತದೆ; ಕ್ರ್ಯಾಂಕಿನಿಂದ ಕ್ಲಚ್ಚಿಗೆ ಶಕ್ತಿ ದಾಟಿಸುವ ಪ್ರೈಮರಿ ಗೇರಿನ ಹಲ್ಲುಗಳು, ಕ್ಲಚ್ ಹೌಸಿಂಗಿನ ಸ್ಪ್ರಿಂಗುಗಳು, ಟೈಮಿಂಗ್ ಚೈನ್ ಎಲ್ಲ ಆ ಜಗ್ಗಾಟಕ್ಕೆ ಬಡಿಯುತ್ತವೆ. 1,400ಕ್ಕೆ ಏರಿಸಿದಾಗ ಶಬ್ದ ಪೂರ್ತಿ ಹೋದರೆ ಅಲ್ಲಿಗೆ ನಿಲ್ಲಿಸಿ. ಆದರೆ 1,800ಕ್ಕೆ ಏರಿಸಿ ‘ಸರಿಯಾಯಿತು’ ಎಂದು ಕೊಡುವುದು ಮೋಸ.

ಆಮೇಲೆ ಕ್ಲಚ್. ನ್ಯೂಟ್ರಲ್‌ನಲ್ಲಿ ಶಬ್ದ ಇರುವಾಗಲೇ ಲಿವರ್ ಹಿಡಿಯಿರಿ. ಹಿಡಿದಾಗ ಶಬ್ದ ನಿಂತು ಬಿಟ್ಟಾಗ ಬಂದರೆ ಕ್ಲಚ್ ಹೌಸಿಂಗ್, ಹಬ್ ಅಥವಾ ಗೇರ್‌ಬಾಕ್ಸಿನ ಬೇರಿಂಗ್ ಕಡೆ ಹೋಗಿ. ಹಿಡಿದಾಗಲೇ ಶಬ್ದ ಹುಟ್ಟಿದರೆ ಕ್ಲಚ್ ರಿಲೀಸ್ ಬೇರಿಂಗ್. ಎರಡಕ್ಕೂ ಜಪ್ಪಯ್ಯ ಎನ್ನದಿದ್ದರೆ ಕ್ಲಚ್ ಈ ಲೆಕ್ಕದಿಂದ ಹೊರಗೆ. ನಿಮ್ಮದು ಎಡಬದಿಯ ಶಬ್ದ, ಇಲ್ಲಿನ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಬಲಬದಿ. ಆದರೆ ಶಬ್ದ ಲೋಹದೊಳಗೆ ಹರಿದು ಎಲ್ಲಿಂದಲೋ ಹೊರಬೀಳುತ್ತದೆ, ಅದಕ್ಕಾಗಿ ಬರಿಯ ಕಿವಿಯನ್ನು ನಂಬಬೇಡಿ. ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಹೆಡ್, ಸಿಲಿಂಡರಿನ ಎಡಬದಿ, ಟೆನ್ಷನರ್ (ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಭಾಗ), ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕವರ್, ಕ್ಲಚ್ ಕವರ್ ಈ ಐದು ಕಡೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿ. ಎಲ್ಲಿ ಜೋರು ಎಂದಷ್ಟೇ ಅಲ್ಲ, ಎಲ್ಲಿ ಚೂಪು ಎಂದೂ ಕೇಳಿಸಿಕೊಳ್ಳಿ. ಹುಟ್ಟಿದ ಜಾಗದಲ್ಲಿ ಶಬ್ದ ಚೂಪಾಗಿರುತ್ತದೆ, ಹರಿದು ಬಂದ ಜಾಗದಲ್ಲಿ ಮೊಂಡು. ಲುಂಗಿ, ಶಾಲು, ಉದ್ದ ಕೂದಲು ಚೈನಿನ ಹತ್ತಿರ ಬಾರದಂತೆ ನೋಡಿಕೊಳ್ಳಿ.

ಇದಕ್ಕಿಂತ ಒಳ್ಳೆಯ ಉಪಾಯವೊಂದು ನಿಮ್ಮ ಜೇಬಿನಲ್ಲೇ ಇದೆ. ಶಬ್ದ ಬರುತ್ತಿರುವಾಗಲೇ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿ. ವಾಟ್ಸ್ಯಾಪ್ ವಾಯ್ಸ್ ಮೆಸೇಜ್ ಬೇಡ, ಅದು ಧ್ವನಿಯನ್ನು ಹಿಂಡಿಬಿಡುತ್ತದೆ. ಮನೆಗೆ ಬಂದು ಆ ವಿಡಿಯೋವನ್ನು ಕಾಲು ವೇಗದಲ್ಲಿ ಓಡಿಸಿ ಕೇಳಿ. ನಾಲ್ಕು ಸ್ಟ್ರೋಕಿನ ಒಂದೇ ಸಿಲಿಂಡರಿನ ಎಂಜಿನಿನಲ್ಲಿ ಸೈಲೆನ್ಸರಿನ ‘ಡಬ್’ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ಸಲ ಬರುತ್ತದೆ. 1,400 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 23 ಸುತ್ತು, ಸೈಲೆನ್ಸರಿನ ಡಬ್ ಸುಮಾರು 12. ಕಾಲು ವೇಗದಲ್ಲಿ ಅದು ಸೆಕೆಂಡಿಗೆ ಮೂರೇ ಡಬ್, ಬೆರಳಿನಲ್ಲಿ ತಾಳ ಹಾಕಬಹುದು. ಈಗ ಲೆಕ್ಕ ಹಿಡಿಯಿರಿ: ಒಂದು ಡಬ್‌ಗೆ ಒಂದು ‘ಕಟ’ ಬಂದರೆ ಅದು ಕ್ಯಾಮ್ ವೇಗದಲ್ಲಿ ನಡೆಯುವ ಸಂಗತಿ, ಅಂದರೆ ಟ್ಯಾಪೆಟ್, ರಾಕರ್, ಕ್ಯಾಮ್, ಇಲ್ಲವೇ ಬೆಂಡ್ ಪೈಪಿನ ಲೀಕ್. ಒಂದು ಡಬ್‌ಗೆ ಎರಡು ‘ಕಟ’ ಬಂದರೆ ಕ್ರ್ಯಾಂಕ್ ವೇಗದ್ದು: ಮ್ಯಾಗ್ನೆಟ್, ಸೆಲ್ಫ್ ಸ್ಟಾರ್ಟಿನ ಕ್ಲಚ್, ಬೇರಿಂಗ್. ಡಬ್‌ಗೆ ಹೊಂದದೆ ಒಮ್ಮೆ ದಟ್ಟ, ಒಮ್ಮೆ ವಿರಳವಾಗಿ ಸರಪಳಿ ಎಳೆದಂತೆ ಬಂದರೆ ಟೈಮಿಂಗ್ ಚೈನ್. ಒಂದು ಅಪವಾದ ನೆನಪಿಡಿ: ಪಿಸ್ಟನ್ ಬೋರಿಗೆ ಬಡಿಯುವುದು ಮತ್ತು ನಾಕಿಂಗ್ ಎರಡೂ ಬೆಂಕಿ ಹೊತ್ತುವ ಹೊಡೆತದಲ್ಲೇ ಜೋರಾಗುವುದರಿಂದ ಅವೂ ಡಬ್‌ಗೆ ಒಂದೇ ಎಂದು ಕೇಳಬಹುದು.

ಪಿಸ್ಟನ್ ಮಾತು ಬಂತಲ್ಲ, ನಿಮ್ಮ ಎರಡನೆಯ ಮೆಕ್ಯಾನಿಕ್ ಹೇಳಿದ ಬೋರ್-ಪಿಸ್ಟನ್ ಕೆಲಸವನ್ನು ಇಲ್ಲಿಯೇ ಕೈಬಿಡಬಹುದು. ಸವೆದ ಪಿಸ್ಟನ್ ತಣ್ಣಗಿರುವಾಗ ಹೆಚ್ಚು ಬಡಿಯುತ್ತದೆ. ಕಾದು ಹಿಗ್ಗಿದಾಗ ಎರಡು ಮೂರು ನಿಮಿಷದಲ್ಲಿ ತಗ್ಗುತ್ತದೆ. ನಿಮ್ಮದು ತದ್ವಿರುದ್ಧ: ಬೆಳಗ್ಗೆ ಮೌನ, ಕಾದ ಮೇಲೆ ಗಲಾಟೆ. ಜೊತೆಗೆ ನೀಲಿ ಹೊಗೆ ಇಲ್ಲ, ಎಳೆತ ಕಡಿಮೆಯಾಗಿಲ್ಲ ಎಂದಾದರೆ ಬೋರ್ ಮುಟ್ಟಬೇಡಿ.

ಟ್ಯಾಪೆಟ್ ಎರಡು ಸಲ ಸೆಟ್ ಮಾಡಿಸಿದ್ದು ನನಗೆ ನಿಮ್ಮ ಶಬ್ದಕ್ಕಿಂತ ಹೆಚ್ಚು ಚಿಂತೆಯ ವಿಷಯ. ಟ್ಯಾಪೆಟ್, ಅಂದರೆ ರಾಕರ್ ಮತ್ತು ವಾಲ್ವ್ ನಡುವಿನ ಅಂತರ, ಸೆಟ್ ಮಾಡುವುದು ರಾತ್ರಿಯಿಡೀ ನಿಂತು ತಣಿದ ಎಂಜಿನಿನಲ್ಲಿ, ಫೀಲರ್ ಗೇಜ್ (ಅಂತರ ಅಳೆಯುವ ತೆಳು ತಗಡು) ಇಟ್ಟು. ಪಿಸ್ಟನ್ ಮೇಲೆ ಬಂದು, ಮ್ಯಾಗ್ನೆಟಿನ ‘ಟಿ’ ಗುರುತು ಕವರಿನ ಗುರುತಿಗೆ ನೇರವಾಗಿ, ಎರಡೂ ರಾಕರ್ ಸಡಿಲವಾಗಿ ಅಲ್ಲಾಡುತ್ತಿರಬೇಕು. ಒಂದು ಬಿಗಿಯಾಗಿದ್ದರೆ ನೀವು ತಪ್ಪು ಸ್ಟ್ರೋಕಿನಲ್ಲಿದ್ದೀರಿ, ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಅಂತರ ಮಾಡೆಲ್‌ಗೊಂದು, ಇನ್‌ಲೆಟ್ 0.05, ಎಕ್ಸಾಸ್ಟ್ 0.10 ಮಿ.ಮೀ. ಇರುವ ಎಂಜಿನುಗಳಿವೆ, ಅದಕ್ಕಿಂತ ತುಸು ಹೆಚ್ಚು ಕೇಳುವವೂ ಇವೆ. ಕೈಪಿಡಿಯ ಅಂಕಿಯೇ ಪ್ರಮಾಣ. ಗೇಜ್ ಎಳೆಯುವಾಗ ತುಸು ಹಿಡಿದು ಜಾರಬೇಕು. ಲಾಕ್‌ನಟ್ ಬಿಗಿದ ಮೇಲೆ ಇನ್ನೊಮ್ಮೆ ಗೇಜ್ ಹಾಕಿ ನೋಡಲೇಬೇಕು, ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿರುತ್ತದೆ.

‘ಶಬ್ದ ಇದೆ’ ಎಂದು ಹೇಳಿದ ಗಿರಾಕಿಗೆ ಕಾದ ಎಂಜಿನಿನಲ್ಲೇ, ಕೈ ಅಂದಾಜಿನಲ್ಲಿ ಟ್ಯಾಪೆಟ್ ಬಿಗಿದು ಕೊಡುವುದು ಬಹಳ ಕಡೆ ನಡೆಯುತ್ತದೆ. ಬಿಗಿ ಟ್ಯಾಪೆಟ್ ಶಬ್ದ ಮಾಡುವುದಿಲ್ಲ, ಅದೇ ಅದರ ಅಪಾಯ. ವಾಲ್ವ್ ಪೂರ್ತಿ ಕೂರದೆ, ತನ್ನ ಬಿಸಿಯನ್ನು ಹೆಡ್‌ಗೆ ದಾಟಿಸಲಾಗದೆ ಅಂಚು ಸುಟ್ಟುಕೊಳ್ಳುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲು ಕಷ್ಟ, ಕಾದಾಗ ಐಡ್ಲಿಂಗ್ ನಿಲ್ಲದೆ ಆಫ್ ಆಗುವುದು ಇದ್ದರೆ ಮೊದಲು ಟ್ಯಾಪೆಟ್ ಅಳೆಯಿಸಿ. ಅಂದ ಹಾಗೆ, ಯುಸಿಇ (ಎಂಜಿನ್, ಗೇರುಗಳು ಒಂದೇ ಪೆಟ್ಟಿಗೆಯಲ್ಲಿರುವ) ಎಂಜಿನಿನ ರಾಯಲ್ ಎನ್‌ಫೀಲ್ಡ್ 350 ಇರುವವರು ಈ ಪ್ಯಾರಾ ಬಿಡಬಹುದು. ಅದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ ಇದೆ, ಸೆಟ್ ಮಾಡುವ ಕೆಲಸವೇ ಇಲ್ಲ.

ಟೈಮಿಂಗ್ ಚೈನ್ ಹೇಳಿದ ಮೊದಲನೆಯ ಮೆಕ್ಯಾನಿಕ್ ಸತ್ಯದ ಹತ್ತಿರ ಇರಬಹುದು, ಆದರೆ ಅರ್ಧವೇ. ಚೈನಿನ ಸಡಿಲನ್ನು ಟೆನ್ಷನರ್ ಎಂಬ ಸಣ್ಣ ಭಾಗ ತಾನಾಗಿ ತೆಗೆಯುತ್ತಿರುತ್ತದೆ. ಒಳಗಿನ ಸ್ಪ್ರಿಂಗ್ ದಣಿದರೆ, ಕಡ್ಡಿ ಒಂದೇ ಜಾಗದಲ್ಲಿ ಸಿಕ್ಕಿಕೊಂಡರೆ ಚೈನ್ ತಾನು ಜಾರುವ ಪಟ್ಟಿಗೆ (ಗೈಡ್) ಬಡಿಯುತ್ತದೆ. ಒಂದು ದಿನ ಸಿಕ್ಕಿಕೊಂಡ ಕಡ್ಡಿ ಮರುದಿನ ಒಂದು ಜಗ್ಗಿಗೆ ಬಿಟ್ಟುಕೊಂಡು ಮುಂದೆ ಸರಿದರೆ ಶಬ್ದ ಮಾಯ. ಬಂದುಹೋಗುವ ಗುಣ ಇದಕ್ಕೆ ಇರುವಷ್ಟು ಬೇರೆ ಭಾಗಕ್ಕೆ ಕಡಿಮೆ. ಗುರುತು: ಕಾದ ಎಂಜಿನ್, ಐಡ್ಲಿಂಗ್‌ನಲ್ಲಿ ಕಟಕಟ, ಆಕ್ಸಿಲರೇಟರ್ ತುಸು ತಿರುವಿದರೆ ಹೋಗುತ್ತದೆ, ಬಿಟ್ಟು ಆರ್‌ಪಿಎಂ ಇಳಿಯುವಾಗ ಸರ್ರನೆ ಒಮ್ಮೆ ಎಳೆದು ಬರುತ್ತದೆ.

ಟೆನ್ಷನರ್ ತೆಗೆಯುವ ಮುನ್ನ ಪಿಸ್ಟನ್ನನ್ನು ಮೇಲಿನ ‘ಟಿ’ ಗುರುತಿಗೆ ತರಲೇಬೇಕು. ತೆಗೆದ ಮೇಲೆ ಕಿಕ್ಕರ್ ಮುಟ್ಟಬಾರದು, ಬೈಕನ್ನು ಗೇರಿನಲ್ಲಿ ಹಿಂದೆ ಮುಂದೆ ನೂಕಬಾರದು. ಚೈನ್ ಒಂದು ಹಲ್ಲು ಹಾರಿದರೆ ಟೈಮಿಂಗ್ ತಪ್ಪುತ್ತದೆ, ಹೆಚ್ಚು ಹಾರಿದರೆ ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆ. ತೆಗೆದ ಟೆನ್ಷನರಿನ ಕಡ್ಡಿ ಎಷ್ಟು ಹೊರಗೆ ಬಂದಿದೆ ಎಂದು ಅದನ್ನು ಮುಟ್ಟುವ ಮುನ್ನವೇ ನೋಡಿ. ಹೆಚ್ಚುಕಡಿಮೆ ಪೂರ್ತಿ ಹೊರಗೆ ಬಂದಿದ್ದರೆ ಚೈನ್ ಉದ್ದವಾಗಿದೆ. ಹೊಸ ಟೆನ್ಷನರ್ ಮಾತ್ರ ಹಾಕಿದರೆ ಎರಡು ತಿಂಗಳು ಸುಮ್ಮನಿದ್ದು ಮತ್ತೆ ಶುರು. ಚೈನ್, ಎರಡು ಗೈಡ್, ಟೆನ್ಷನರ್ ಎಲ್ಲ ಒಟ್ಟಿಗೆ ಬದಲಿಸಿ. ಕಡ್ಡಿ ಇನ್ನೂ ಅರ್ಧ ಒಳಗೇ ಇದ್ದು, ಹೆಬ್ಬೆರಳಿನಿಂದ ಒತ್ತಿದಾಗ ಹಿಂದಕ್ಕೆ ಸರಿದರೆ ಟೆನ್ಷನರ್ ಹಾಳು, ಚೈನ್ ಚೆನ್ನಾಗಿದೆ. ಒಳ್ಳೆಯ ಟೆನ್ಷನರ್ ಕೈಯ ಒತ್ತಡಕ್ಕೆ ಹಿಂದೆ ಸರಿಯುವುದಿಲ್ಲ. ಈ ಎರಡು ನೋಟಕ್ಕೆ ಹತ್ತು ನಿಮಿಷ ಸಾಕು, ಆದರೆ ಇದನ್ನು ನೋಡದೆಯೇ ಪೂರ್ತಿ ಕಿಟ್ ಬರೆದುಕೊಡುತ್ತಾರೆ. ಕೂರಿಸುವಾಗ ಹೊಸ ಪ್ಯಾಕಿಂಗ್ ಹಾಕಿ, 6 ಮಿ.ಮೀ. ಬೋಲ್ಟುಗಳನ್ನು ಸುಮಾರು 10 ನ್ಯೂಟನ್ ಮೀಟರಿಗೆ ಬಿಗಿಯಿರಿ. ಅಲ್ಯೂಮಿನಿಯಂ ಎಳೆ ಬೇಗ ಹರಿಯುತ್ತದೆ. ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ ಗುರುತುಗಳು ಸರಿಯಾಗಿ ಬರುತ್ತವೆಯೇ ನೋಡಿ.

ಟೆನ್ಷನರ್ ಚೆನ್ನಾಗಿದ್ದರೆ ಅದೇ ಎಡಬದಿಯಲ್ಲಿ ಇನ್ನೊಂದು ಸಂಗತಿ ಉಳಿದಿದೆ, ಮತ್ತು ಕ್ರ್ಯಾಂಕ್ ಬಿಚ್ಚಲು ಹೇಳಿದ ಮೂರನೆಯವರು ಕೇಳಿದ್ದರೂ ಇದನ್ನು ಕ್ರ್ಯಾಂಕ್ ಎಂದೇ ತಿಳಿಯುತ್ತಿದ್ದರು. ಮ್ಯಾಗ್ನೆಟ್ ರೋಟರಿನ ಮಧ್ಯದ ನಟ್ ಸಡಿಲಾದರೆ, ಅದರ ಕೀ ಸವೆದರೆ ಆ ಭಾರದ ಚಕ್ರ ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಬಡಿಯುತ್ತದೆ. ಕೇಳಲು ಥೇಟ್ ಕ್ರ್ಯಾಂಕ್ ಬೇರಿಂಗ್! ಐಡ್ಲಿಂಗ್‌ನಲ್ಲಿ ಇರುತ್ತದೆ, ವೇಗ ಏರಿದರೆ ಕಾಣೆಯಾಗುತ್ತದೆ. ಎಡ ಕವರ್ ಬಿಚ್ಚಿ, ಕ್ರ್ಯಾಂಕ್ ತಿರುಗದಂತೆ ಗೇರಿಗೆ ಹಾಕಿ ಹಿಂದಿನ ಬ್ರೇಕ್ ಒತ್ತಿ ಹಿಡಿದು, ರೋಟರನ್ನು ಎರಡು ಕೈಯಿಂದ ತಿರುವಿ ನೋಡಿ. ಶಾಫ್ಟ್ ನಿಂತೇ ಇದ್ದು ರೋಟರ್ ಮಾತ್ರ ಅಲ್ಲಾಡಿದರೆ ಕಳ್ಳ ಸಿಕ್ಕಿದ. ಅದರ ಹಿಂದಿರುವ ಸೆಲ್ಫ್ ಕ್ಲಚ್ಚಿನ ಅಲೆನ್ ಬೋಲ್ಟುಗಳನ್ನೂ ಆಗಲೇ ನೋಡಿ. ಅವು ಸಡಿಲಾದ ಬೈಕಿನಲ್ಲಿ ಸೆಲ್ಫ್ ಒತ್ತಿದಾಗಲೂ ಒಂದು ಕರ್ರ್ ಬರುತ್ತದೆ. ಒಂದು ಪ್ಯಾಕಿಂಗ್ ಮತ್ತು ಅರ್ಧ ಗಂಟೆಯಲ್ಲಿ ಮುಗಿಯುವ ಈ ಪರೀಕ್ಷೆ ಮಾಡದೆ ಎಂಜಿನನ್ನು ಎರಡು ಹೋಳು ಮಾಡಿಸಬೇಡಿ.

ಎಂಜಿನ್ನಿನದಲ್ಲದ ಶಬ್ದಗಳನ್ನು ಕೊನೆಗೆ ಇಟ್ಟಿದ್ದೇನೆ, ನಿಜವಾಗಿ ನೋಡಬೇಕಾದದ್ದು ಮೊದಲೇ. ಕರಾವಳಿಯಲ್ಲಿ ಉಪ್ಪುಗಾಳಿ ಒಂದು ಕಡೆ, ಹೈವೇಯಲ್ಲಿ ಮೀನಿನ ಲಾರಿಯಿಂದ ಸುರಿಯುವ ಉಪ್ಪುನೀರು ಇನ್ನೊಂದು ಕಡೆ. ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡಿನ ಸ್ಕ್ರೂ, ಕ್ಲಾಂಪ್, ಲೆಗ್ ಗಾರ್ಡ್, ಸೀರೆ ಗಾರ್ಡಿನ ಬೆಸುಗೆ ಇವೆಲ್ಲ ಒಳಗಿಂದೊಳಗೆ ತುಕ್ಕು ಹಿಡಿದು ಒಂದೇ ಆರ್‌ಪಿಎಂನಲ್ಲಿ ಝಣಝಣಿಸುತ್ತವೆ. ಕಾದು ಹಿಗ್ಗಿದಾಗ ಮಾತ್ರ ತಾಗುವ ತಗಡು ಬೆಳಗ್ಗೆ ಮಾತಾಡುವುದಿಲ್ಲ ನೋಡಿ. ದಪ್ಪ ಬಟ್ಟೆ ಸುತ್ತಿದ ಮರದ ತುಂಡಿನಿಂದ ಒಂದೊಂದನ್ನೇ ಒತ್ತಿ ಹಿಡಿಯಿರಿ, ಯಾವುದನ್ನು ಒತ್ತಿದಾಗ ನಿಲ್ಲುತ್ತದೋ ಅದು. ಹಲವು ಏರ್ ಕೂಲ್ಡ್ ಬೈಕುಗಳಲ್ಲಿ ಸಿಲಿಂಡರಿನ ರೆಕ್ಕೆಗಳ ನಡುವೆ ಸಣ್ಣ ರಬ್ಬರ್ ತುಂಡುಗಳಿರುತ್ತವೆ, ರೆಕ್ಕೆ ನಡುಗದಂತೆ. ಅವು ಬಿದ್ದುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಎಂಜಿನ್ ಕೂರಿಸಿದ ಬೋಲ್ಟುಗಳಿಗೂ ಒಮ್ಮೆ ಸ್ಪ್ಯಾನರ್ ತಾಗಿಸಿ. ಬೆಂಡ್ ಪೈಪ್ ಹೆಡ್‌ಗೆ ಸೇರುವಲ್ಲಿ ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲಿನ ಪ್ಯಾಕಿಂಗ್ ಹೋಗಿದೆ. ಆ ಲೀಕಿನ ಟಪ್‌ಟಪ್ ಟ್ಯಾಪೆಟ್ ಶಬ್ದವನ್ನು ಎಷ್ಟು ಚೆನ್ನಾಗಿ ಅನುಕರಿಸುತ್ತದೆಂದರೆ, ನಿಮ್ಮ ಎರಡು ಸಲದ ಟ್ಯಾಪೆಟ್ ಕೆಲಸಕ್ಕೆ ಅದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ. ಬೈಕ್ ನಿಲ್ಲಿಸಿದ ಮೇಲೆ ಸೈಲೆನ್ಸರಿನಿಂದ ಬರುವ ಟಿಕ್ ಟಿಕ್ ಮಾತ್ರ ಲೋಹ ತಣಿಯುವ ಶಬ್ದ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಾಗಾದರೆ ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಆಯಿಲ್ ಮಟ್ಟ, ಐಡ್ಲಿಂಗ್, ಹೊರಗಿನ ನಟ್ಟುಬೋಲ್ಟುಗಳನ್ನು ಭಾನುವಾರ ಮನೆಯಲ್ಲೇ ನೋಡಿ. ಸೋಮವಾರದಿಂದ ದಿನಾ ಒಂದು ಸಾಲು ಬರೆದಿಡಿ: ಎಷ್ಟು ಕಿ.ಮೀ. ಓಡಿದ ಮೇಲೆ ಬಂತು, ಯಾವ ಗೇರು, ಎಷ್ಟು ಆರ್‌ಪಿಎಂ, ಕ್ಲಚ್ ಹಿಡಿದರೆ ಏನಾಯಿತು, ಗೇರ್ ಇಳಿಸಿದರೆ ಏನಾಯಿತು, ಮಳೆಯಿತ್ತೇ, ಹಿಂದೆ ಜನ ಇದ್ದರೇ. ಶಬ್ದ ಬಾರದ ದಿನವನ್ನೂ ಬರೆಯಿರಿ, ಅದು ಬಂದ ದಿನದಷ್ಟೇ ಮುಖ್ಯ. ಆಮೇಲೆ ಏರಿನ ಮೇಲಿರುವ, ಅಂದರೆ ಮಣಿಪಾಲದಲ್ಲೇ ಇರುವ ಒಬ್ಬ ಮೆಕ್ಯಾನಿಕ್ಕನ್ನು ಹಿಡಿಯಿರಿ. ಕೆಲಸಕ್ಕೆ ಹೋಗುವ ದಾರಿಯಲ್ಲಿ, ಎಂಜಿನ್ ಕಾದಿರುವಾಗಲೇ, ಆಫ್ ಮಾಡದೆ ಅವರ ಮುಂದೆ ನಿಲ್ಲಿಸಿ. ಕೆಳಗೆ ಇಂದ್ರಾಳಿಗೆ ಇಳಿದು ಒಮ್ಮೆ ಹತ್ತಿ ಬರಲು ಅವರಿಗೇ ಬೈಕ್ ಕೊಡಿ. ‘ಟೈಮಿಂಗ್ ಚೈನ್ ನೋಡಿ’ ಎಂದು ಹೇಳಬೇಡಿ, ಹಾಗೆ ಹೇಳಿದರೆ ಅವರು ಟೈಮಿಂಗ್ ಚೈನನ್ನೇ ನೋಡುತ್ತಾರೆ. ನಿಮ್ಮ ಚೀಟಿ ಮತ್ತು ವಿಡಿಯೋ ಕೊಟ್ಟು ಸುಮ್ಮನಿರಿ.

ಇಷ್ಟೆಲ್ಲ ನಿಧಾನ ಮಾಡಬಾರದ ಸಂದರ್ಭವೂ ಇದೆ. ಶಬ್ದ ಕಟಕಟದಿಂದ ಆಳದ ಢಕ್ ಢಕ್ ಆಗಿ, ಭಾರ ಬಿದ್ದಷ್ಟೂ ಜೋರಾಗಿ, ದಿನೇ ದಿನೇ ಹೆಚ್ಚಾಗಿ, ತಣ್ಣಗಿರುವಾಗಲೂ ಬರತೊಡಗಿದರೆ ಅದು ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಇರಬಹುದು. ಆಯಿಲ್ ಇಳಿಸುವಾಗ ಒಂದು ಬಿಳಿ ತಟ್ಟೆಗೆ ಕೊನೆಯ ಅರ್ಧ ಕಪ್ ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿ. ಬೂದಿಯಂಥ ನುಣುಪು ಹುಡಿ ಹಳೆಯ ಎಂಜಿನಿನಲ್ಲಿ ಸಾಮಾನ್ಯ. ಮೀನಿನ ಹುರುಪೆಯ ಹಾಗೆ ಹೊಳೆಯುವ ಚೂರುಗಳಿದ್ದರೆ, ಅದರಲ್ಲೂ ಅಯಸ್ಕಾಂತಕ್ಕೆ ಅಂಟಿದರೆ, ಅಂದಿನಿಂದ ಬೈಕ್ ಓಡಿಸಬೇಡಿ. ಗ್ಯಾರೇಜು ಎರಡೇ ಕಿ.ಮೀ. ದೂರ ಇದ್ದರೂ ಟೆಂಪೋದಲ್ಲಿ ಹಾಕಿಸಿ. ಆ ಬೇರಿಂಗ್ ಹಿಡಿದುಕೊಂಡರೆ ಹಿಂದಿನ ಚಕ್ರ ಓಡುತ್ತಿರುವಾಗಲೇ ಲಾಕ್ ಆಗುತ್ತದೆ, ಕ್ಲಚ್ ಹಿಡಿಯಲು ಸಿಗುವುದು ಒಂದು ಕ್ಷಣ.